ಶಾಮಿಯಾನ ಹಾರಿದ ದಿನ ಮಳೆಯೇ ಬಂದಿರಲಿಲ್ಲ

ತುಮಕೂರಿನಲ್ಲಿ ನಮ್ಮದು ಶಾಮಿಯಾನ, ಚೇರು, ಪಾತ್ರೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ. ಅಪ್ಪ ಶುರು ಮಾಡಿದ್ದು. ಈಗ ನಾನು, ಎಂಟು ಜನ ಹುಡುಗರು, ಎರಡು ಟಾಟಾ ಏಸ್. ಯುಗಾದಿ ಕಳೆದ ಮೇಲೆ ಆಷಾಢ ಹುಟ್ಟುವ ತನಕ ನಮಗೆ ಸುಗ್ಗಿ. ಗೃಹಪ್ರವೇಶ, ಚಪ್ಪರ, ಬೀಗರ ಊಟ, ಕಾಲೇಜು ಫಂಕ್ಷನ್ನು ಎಲ್ಲಾ ಆ ಮೂರು ತಿಂಗಳಲ್ಲೇ ಮುಗಿಬೀಳುತ್ತವೆ. ಮುಂಗಾರಿಗೆ ಮುಂಚಿನ ಗುಡುಗು ಮಳೆಗೂ ಅದೇ ಕಾಲ.

ಅಡ್ವಾನ್ಸ್ ಕೊಡುವಾಗ ಎಲ್ಲರೂ ಕೇಳುವುದು ಒಂದೇ ಮಾತು. "ಅಣ್ಣ, ಅವತ್ತು ಮಳೆ ಬರಲ್ಲ ತಾನೇ?" ನಾನೂ ಹತ್ತು ವರ್ಷ ಅದನ್ನೇ ಕೇಳಿಕೊಂಡು ಕೆಲಸ ಮಾಡಿದೆ. ಫೋನಿನಲ್ಲಿ ಮೋಡದ ಚಿತ್ರ ಇದ್ದರೆ ಟಾರ್ಪಾಲು ಗಾಡಿಗೆ ಹಾಕುವುದು, ಸೂರ್ಯನ ಚಿತ್ರ ಇದ್ದರೆ ಹಾಕದೇ ಇರುವುದು. ಅಷ್ಟೇ ನಮ್ಮ ಹವಾಮಾನ ಶಾಸ್ತ್ರ.

ಗುಬ್ಬಿ ಕಡೆ ಒಂದು ಹಳ್ಳಿಯಲ್ಲಿ ಬೀಗರ ಊಟ. ತೆಂಗಿನ ತೋಟದ ಪಕ್ಕ ಬಯಲು, 15 ಅಡಿ ಅಗಲ 15 ಅಡಿ ಉದ್ದದ ಶಾಮಿಯಾನ ಹನ್ನೆರಡು ಕಟ್ಟಿದ್ದೆವು. ಬಿಸಿಲು ಬೀಳುತ್ತದೆ ಅಂತ ಪಡುವಣ ಕಡೆಗೆ ಉದ್ದಕ್ಕೂ ಸೈಡ್ ಪರದೆ. ಬೆಳಿಗ್ಗೆ ಫೋನು ನೋಡಿದಾಗ ಮಳೆ ಸಾಧ್ಯತೆ ಶೇ 20 ಅಂತ ಇತ್ತು. ಶೇ 20 ಅಂದರೆ ಬರಲ್ಲ ಅಂತ ನನ್ನ ಲೆಕ್ಕ. ಮಧ್ಯಾಹ್ನ ಮೂರೂವರೆಗೆ ನಾಲ್ಕನೇ ಪಂಕ್ತಿ ಕೂತಿತ್ತು, ಮುದ್ದೆ ಬಡಿಸಿ ಆಗಿತ್ತು. ಅಲ್ಲಿಯ ತನಕ ಬೀಸುತ್ತಿದ್ದ ಗಾಳಿ ನಿಂತು ಹೋಯಿತು. ತೆಂಗಿನ ಗರಿ ಒಂದೂ ಅಲ್ಲಾಡುತ್ತಿಲ್ಲ. ಆಮೇಲೆ ದೂರದಲ್ಲಿ ಕೆಂಪಗೆ ಧೂಳು ಎದ್ದಿದ್ದು ಕಂಡಿತು. ಅದು ನಮ್ಮ ಹತ್ತಿರ ಬರಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮೊದಲು ಪಡುವಣ ಪರದೆ ಹೊಟ್ಟೆ ಉಬ್ಬಿಸಿತು. ಅದರ ಕಂಬಗಳು ಒಳಕ್ಕೆ ವಾಲಿದವು. ಆಮೇಲೆ ಸಾಲಿಗೆ ಸಾಲೇ ಮೇಲೆದ್ದಿತು. ಒಂದು ಶಾಮಿಯಾನ ತೋಟದೊಳಗೆ ತೆಂಗಿನ ಮರದ ಅರ್ಧಕ್ಕೆ ಸಿಕ್ಕಿಕೊಂಡಿತು. ಸಾರಿನ ಕೊಪ್ಪರಿಗೆ ತುಂಬ ಕೆಮ್ಮಣ್ಣು. ದೇವರು ದೊಡ್ಡವನು, ಜನ ಎದ್ದು ಓಡಿದ್ದರಿಂದ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ನಮ್ಮ ಹುಡುಗನೊಬ್ಬ ಹಗ್ಗ ಹಿಡಿದು ನಿಲ್ಲಿಸಲು ಹೋಗಿ ಅಂಗೈ ಸುಲಿಸಿಕೊಂಡ.

ಮಳೆ ಮಾತ್ರ ಐದಾರು ಹನಿ. ಅಂಗಳ ಕೂಡ ನೆನೆಯಲಿಲ್ಲ. ಫೋನಿನ ಲೆಕ್ಕ ಸರಿಯಾಗೇ ಇತ್ತು ಅಲ್ವಾ? ಮಳೆ ಬರಲ್ಲ ಅಂದಿತ್ತು, ಬರಲಿಲ್ಲ. ಪಾರ್ಟಿಯವರು ಬಾಕಿ ದುಡ್ಡು ಕೊಡಲಿಲ್ಲ, ಕೇಳಲು ನನಗೂ ಬಾಯಿ ಬರಲಿಲ್ಲ.

ಆ ಗಾಳಿ ಎಲ್ಲಿಂದ ಬಂತು ಅಂತ ತಲೆಗೆ ಹುಳ ಬಿಟ್ಟುಕೊಂಡೆ. ಅಂಗಡಿ ಪಕ್ಕದಲ್ಲೇ ಒಬ್ಬರು ಸಿವಿಲ್ ಇಂಜಿನಿಯರ್ ಇದ್ದಾರೆ, ಅವರು ಕೂರಿಸಿಕೊಂಡು ಹೇಳಿದರು. ಬೇಸಿಗೆಯ ಗುಡುಗು ಮೋಡದಿಂದ ಮಳೆ ಬೀಳುವಾಗ ಕೆಳಗಿನ ಗಾಳಿ ಒಣಗಿರುತ್ತದೆ. ಹನಿಗಳು ದಾರಿಯಲ್ಲೇ ಒಂದಷ್ಟು ಆರಿಹೋಗುತ್ತವೆ. ನೀರು ಆರುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೇ ತಾನೇ. ತಣ್ಣಗಾದ ಗಾಳಿ ಭಾರ, ದಬಕ್ಕನೆ ನೆಲಕ್ಕೆ ಬೀಳುತ್ತದೆ. ಬಿದ್ದ ಮೇಲೆ ಸುತ್ತಲೂ ಹರಡುತ್ತದೆ, ಅಂಗಳಕ್ಕೆ ಒಂದು ಬಕೆಟ್ ನೀರು ಸುರಿದ ಹಾಗೆ. ಮೋಡ ಇದ್ದಲ್ಲಿ ಮಳೆ. ಅಲ್ಲಿಂದ ಎಷ್ಟೋ ಕಿಲೋಮೀಟರ್ ಆಚೆ ಮಳೆ ಇಲ್ಲದ ಕಡೆಗೂ ಆ ಗಾಳಿ ಮುಟ್ಟುತ್ತದೆ. ಅವತ್ತು ಮಳೆ ಬಿದ್ದಿದ್ದು ಇನ್ಯಾವುದೋ ಊರಿನಲ್ಲಿ, ಶಾಮಿಯಾನ ಹಾರಿದ್ದು ನಮ್ಮದು.

ಅವರೇ ಒಂದು ಲೆಕ್ಕವನ್ನೂ ಹಾಕಿ ತೋರಿಸಿದರು. ಕಟ್ಟಡಗಳ ಮೇಲೆ ಗಾಳಿಯ ಒತ್ತಡಕ್ಕೆ ಭಾರತೀಯ ಮಾನಕ 875ರ ಮೂರನೇ ಭಾಗ ಅಂತ ಇದೆ. ಅದರಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಅಂತ ಮಾಡಿಕೊಂಡು, ಅದರಿಂದಲೇ ಗುಣಿಸಿ, 0.6ರಿಂದ ಮತ್ತೆ ಗುಣಿಸುತ್ತಾರೆ. ಬರುವ ಉತ್ತರ ನ್ಯೂಟನ್ ಲೆಕ್ಕದಲ್ಲಿ, ಹತ್ತಿರ ಹತ್ತಿರ 10 ನ್ಯೂಟನ್ ಅಂದರೆ 1 ಕೆ.ಜಿ. ತೂಕ. ಗಂಟೆಗೆ 25 ಕಿ.ಮೀ. ಗಾಳಿ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 3 ಕೆ.ಜಿ. ತೂಕದಷ್ಟು ತಳ್ಳುತ್ತದೆ. ವೇಗ 50 ಆದರೆ 6 ಅಲ್ಲ, ಹತ್ತಿರ ಹತ್ತಿರ 12 ಕೆ.ಜಿ. ವೇಗ ದುಪ್ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ನಮ್ಮ ಸೈಡ್ ಪರದೆ 15 ಅಡಿ ಉದ್ದ, 8 ಅಡಿ ಎತ್ತರ. ಅಂದರೆ ಒಂದೊಂದು ಪರದೆಗೂ 130 ಕೆ.ಜಿ. ಮೇಲೆ ಒತ್ತಡ. ಅವತ್ತು ಅಂಥವು ಆರು ಸಾಲಾಗಿ ಕಟ್ಟಿದ್ದೆ. ದೋಣಿಗೆ ಹಾಯಿ ಕಟ್ಟಿದ ಹಾಗೆ ಶಾಮಿಯಾನಕ್ಕೆ ನಾನೇ ಹಾಯಿ ಕಟ್ಟಿಕೊಟ್ಟಿದ್ದೆ.

ಅಲ್ಲಿಂದ ಮೇಲೆ ನಾನು ಮುನ್ಸೂಚನೆಯಲ್ಲಿ ಮೊದಲು ಹುಡುಕುವುದು ಗಾಳಿಯನ್ನು. ಹವಾಮಾನ ಇಲಾಖೆಯವರ ಜಿಲ್ಲಾವಾರು ಎಚ್ಚರಿಕೆಯಲ್ಲಿ "ಗುಡುಗು ಸಹಿತ, ಗಂಟೆಗೆ 40-50 ಕಿ.ಮೀ. ವೇಗದ ಗಾಳಿ" ಅಂತ ಒಂದು ಸಾಲು ಇರುತ್ತದೆ. ಟೀವಿಯವರು ಅದನ್ನು ಬಿಟ್ಟು ಯೆಲ್ಲೋ ಅಲರ್ಟ್ ಅಂತ ಮಾತ್ರ ಕೂಗುತ್ತಾರೆ. ನಮಗೆ ಬೇಕಾದ್ದು ಬಣ್ಣಕ್ಕಿಂತ ಆ ಸಾಲು. 30-40 ಇದ್ದರೆ ಹಗ್ಗ ಗೂಟ ಎರಡು ಸಲ ನೋಡುತ್ತೇನೆ. 40-50 ಇದ್ದರೆ ಸೈಡ್ ಪರದೆ ಕಟ್ಟುವುದೇ ಇಲ್ಲ. 50-60 ಅಂತ ಬಂದರೆ ಮಧ್ಯಾಹ್ನದ ಮೇಲೆ ನನ್ನ ಬಟ್ಟೆಯ ಕೆಳಗೆ ಜನ ಕೂರಬಾರದು.

"ಒಂದೆರಡು ಕಡೆ ಮಳೆ", "ಕೆಲವು ಕಡೆ ಮಳೆ" ಅನ್ನುವುದಕ್ಕೂ ಲೆಕ್ಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದ ಒಳಗೆ ಬಂದರೆ ಒಂದೆರಡು ಕಡೆ. ಅಲ್ಲಿಂದ ಅರ್ಧದ ತನಕ ಕೆಲವು ಕಡೆ. ಅರ್ಧ ದಾಟಿ ಮುಕ್ಕಾಲರ ತನಕ ಹಲವು ಕಡೆ, ಅದರ ಮೇಲೆ ಬಹುತೇಕ ಕಡೆ. ನಮ್ಮ ಜಿಲ್ಲೆ ಪಾವಗಡದಿಂದ ಕುಣಿಗಲ್ ತನಕ ಉದ್ದಕ್ಕೆ ಚಾಚಿಕೊಂಡಿದೆ. ಒಂದೆರಡು ಕಡೆ ಅಂದಾಗ ಆ ಒಂದೆರಡರಲ್ಲಿ ನಮ್ಮ ಪಾರ್ಟಿಯ ಊರು ಇದೆಯೋ ಇಲ್ಲವೋ ಬೆಳಿಗ್ಗೆ ಯಾರಿಗೂ ಹೇಳಲು ಬರುವುದಿಲ್ಲ. ಗುಡುಗು ಮೋಡ ಹುಟ್ಟಿ, ಸುರಿದು, ಕರಗಲು ಒಂದು ಗಂಟೆ ಸಾಕು.

ಈಗ ಈ ಲೆಕ್ಕವೆಲ್ಲಾ ಕೆಲಸಕ್ಕೆ ಬಂದ ಒಂದು ವಾರದ ಕತೆಗೆ ಬರುತ್ತೇನೆ. ಏಪ್ರಿಲ್ ಕೊನೆ. ಮಂಗಳವಾರ ನಸುಕಿನಲ್ಲಿ ಗೃಹಪ್ರವೇಶ, ಬುಧವಾರ ಬಸವ ಜಯಂತಿ ವೇದಿಕೆ, ಶುಕ್ರವಾರ ಒಂದು ಕಾಲೇಜಿನಲ್ಲಿ ಪದವಿ ಪ್ರದಾನ, ಭಾನುವಾರ ಬೀಗರ ಊಟ. ನಾಲ್ಕೂ ಬಯಲಿನಲ್ಲಿ. ಪಂಚಾಂಗದ ಪ್ರಕಾರ ಭರಣಿ ಮಳೆ ಆಗಷ್ಟೇ ಹುಟ್ಟಿತ್ತು. ಭರಣಿ ಸುರಿದರೆ ಧರಣಿಯೆಲ್ಲಾ ಬೆಳೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ರೈತನಿಗೆ ಸರಿ, ಶಾಮಿಯಾನದವನಿಗೆ ಏನು ಬೆಳೆಯಬೇಕು?

ಹಿಂದಿನ ಗುರುವಾರ ಹವಾಮಾನ ಇಲಾಖೆಯ ವಾರಗಟ್ಟಲೆ ಮುನ್ನೋಟ ಬಂತು, ಅದು ಪ್ರತಿ ಗುರುವಾರವೇ ಬರುವುದು. ದಕ್ಷಿಣ ಒಳನಾಡಿನಲ್ಲಿ ವಾಡಿಕೆಗಿಂತ ಜಾಸ್ತಿ ಮಳೆ ಅಂತ ಇತ್ತು. ಇಂಥ ದಿನ ಇಂಥ ಊರಲ್ಲಿ ಅಂತ ಅದು ಹೇಳುವುದಿಲ್ಲ, ಕೇಳಲೂಬಾರದು. ನಾನು ಅದನ್ನು ನೋಡಿ ಮಾಡಿದ್ದು ಇಷ್ಟೇ: ಆ ವಾರಕ್ಕೆ ಇನ್ನೊಂದು ಆರ್ಡರ್ ಕೇಳಿಕೊಂಡು ಬಂದವರಿಗೆ ಕೈ ಮುಗಿದೆ. ಹುಡುಗರು ಸಾಲುವುದಿಲ್ಲ. ಗಾಳಿಯ ವಾರದಲ್ಲಿ ಕಟ್ಟುವುದಕ್ಕಿಂತ ಬಿಚ್ಚುವುದಕ್ಕೆ ಜಾಸ್ತಿ ಕೈ ಬೇಕು.

ಸೋಮವಾರದ ಎಚ್ಚರಿಕೆಯಲ್ಲಿ ತುಮಕೂರು ಜಿಲ್ಲೆಗೆ 40-50 ಗಾಳಿ ಇತ್ತು. ಗೃಹಪ್ರವೇಶದ ಯಜಮಾನರು "ನಮ್ದು ಮಂಗಳವಾರ ಅಲ್ವೇನಪ್ಪ" ಅಂದರು. ಇಲ್ಲೊಂದು ಮೋಸ ಇದೆ. ಹವಾಮಾನ ಇಲಾಖೆಯವರ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಮಾರನೇ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಳೆ ಅಳೆಯುವುದೂ ಆ ಹೊತ್ತಿಗೇ. ಹಾಗಾಗಿ ಮಂಗಳವಾರ ನಸುಕಿನ ಐದು ಗಂಟೆಯ ಹೋಮ ಅವರ ಲೆಕ್ಕದಲ್ಲಿ ಸೋಮವಾರಕ್ಕೆ ಸೇರಿದ್ದು. ಸಾಮಾನ್ಯವಾಗಿ ಹಿಂದಿನ ಸಂಜೆ ಎಲ್ಲಾ ಕಟ್ಟಿಬಿಟ್ಟು ಬರುತ್ತೇವೆ. ಅವತ್ತು ಸಂಜೆ ಕಂಬ ಮಾತ್ರ ನಿಲ್ಲಿಸಿ, ಮನೆ ಮುಂದೆ ಸೋಗೆ ಚಪ್ಪರ ಹಾಕಿ, ಬಟ್ಟೆ ಮಡಚಿ ಅವರ ಹೊಸ ಮನೆಯ ಗ್ಯಾರೇಜಿನಲ್ಲಿ ಇಟ್ಟೆವು. ಬೆಳಗಿನ ಜಾವ ಎರಡೂವರೆಗೆ ಎದ್ದು ಏರಿಸೋಣ ಅಂದಾಗ ಹುಡುಗರು ನನ್ನನ್ನು ಬೈದಿದ್ದು ಕೇಳಿಸಿತು. ಕೇಳಿಸಲಿ ಅಂತಲೇ ಬೈದದ್ದು.

ರಾತ್ರಿ ಏಳಕ್ಕೆ ಸುರಿಯಿತು, ನಲವತ್ತು ನಿಮಿಷ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ತಾನಾಗೇ ಲೆಕ್ಕ ಕಳಿಸುವಂಥದ್ದು. ಅವರ ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿದರೆ ಕನ್ನಡದಲ್ಲೇ ಹೇಳುತ್ತಾರೆ, ರಾತ್ರಿಯೂ ಎತ್ತುತ್ತಾರೆ. ರೈತರಿಗಾಗಿ ಮಾಡಿದ್ದು, ಆದರೆ ನಮ್ಮಂಥವರು ಕೇಳಿದರೂ ಬೇಡ ಅನ್ನುವುದಿಲ್ಲ. ಎರಡು ಗಂಟೆಗೆ ಕೇಳಿದೆ, ಹತ್ತಿರದಲ್ಲಿ ಏನೂ ಇಲ್ಲ ಅಂದರು. ಬಟ್ಟೆ ಏರಿಸಿದೆವು.

ಆಗ ಗೊತ್ತಾಗಿದ್ದು ಗೂಟದ ಸಂಗತಿ. ಏಪ್ರಿಲ್‌ನಲ್ಲಿ ನಮ್ಮ ಕೆಮ್ಮಣ್ಣು ಕಲ್ಲಿನಂತೆ ಇರುತ್ತದೆ, ಎರಡು ಅಡಿ ಕಬ್ಬಿಣದ ಗೂಟ ಹೊಡೆಯಲು ಬೆವರು ಇಳಿಯುತ್ತದೆ. ಹೊಡೆದ ಮೇಲೆ ಎತ್ತು ಕಟ್ಟಿ ಎಳೆದರೂ ಬರುವುದಿಲ್ಲ. ಅದೇ ಮಣ್ಣು ಒಂದು ಮಳೆ ಕುಡಿದರೆ ಗೂಟ ಬೆಣ್ಣೆಯಲ್ಲಿ ನಿಂತ ಹಾಗೆ. ಸಂಜೆ ಹೊಡೆದ ಗೂಟಗಳಲ್ಲಿ ನಾಲ್ಕನ್ನು ಒಂದೇ ಕೈಯಲ್ಲಿ ಕಿತ್ತೆ. ಮೊದಲ ಮಳೆಗಿಂತ ಮಾರನೇ ದಿನದ ಗಾಳಿ ಯಾಕೆ ಜಾಸ್ತಿ ಶಾಮಿಯಾನ ಕೆಡವುತ್ತದೆ ಅಂತ ಅಪ್ಪನೂ ನಾನೂ ಎಷ್ಟೋ ಸಲ ಮಾತಾಡಿದ್ದೆವು. ಉತ್ತರ ಕಾಲ ಕೆಳಗೇ ಇತ್ತು. ಗೂಟದ ಪಕ್ಕ ಇನ್ನೊಂದು ಗೂಟ ಓರೆಯಾಗಿ ಹೊಡೆದು ಎರಡನ್ನೂ ಸೇರಿಸಿ ಕಟ್ಟಿದೆವು. ಹೋಮ ಸರಿಯಾಗಿ ಆಯಿತು. ಹಸು ಮಾತ್ರ ಒಳಗೆ ಬರಲು ಒಪ್ಪಲಿಲ್ಲ, ಅದು ಹವಾಮಾನಕ್ಕೆ ಸಂಬಂಧಿಸಿದ್ದಲ್ಲ.

ಬುಧವಾರದ ವೇದಿಕೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಲಿನ ತಲೆನೋವು ಶಾಮಿಯಾನ ಅಲ್ಲ, ಹಿಂದಿನ ಫ್ಲೆಕ್ಸು. ಗಾಳಿ ಹಾದುಹೋಗಲಿ ಅಂತ ಫ್ಲೆಕ್ಸಿಗೆ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ಯುವ ಅಭ್ಯಾಸ ಇದೆ. ಆದರೆ ಆ ಫ್ಲೆಕ್ಸಿನಲ್ಲಿ ಬಸವಣ್ಣನವರು ಒಂದು ಮೂಲೆಯಲ್ಲಿ, ಉಳಿದ ಜಾಗದಲ್ಲೆಲ್ಲಾ ಊರಿನ ಮುಖಂಡರು. ಎಲ್ಲಿ ಕೊಯ್ದರೂ ಯಾರದಾದರೂ ಮುಖಕ್ಕೆ ಕತ್ತರಿ. ಕೊನೆಗೆ ಫ್ಲೆಕ್ಸನ್ನು ಕಂಬಕ್ಕೆ ಕಟ್ಟದೆ ಸಮುದಾಯ ಭವನದ ಗೋಡೆಗೆ ಒರಗಿಸಿದೆವು. ಎಲ್ಲರ ಮುಖವೂ ಉಳಿಯಿತು.

ಕಾಲೇಜಿನದು ದೊಡ್ಡ ಕೆಲಸ. ಆರುನೂರು ಚೇರು, ವೇದಿಕೆ, ಎಲ್‌ಇಡಿ ಪರದೆ, ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಗುರುವಾರ ನೋಡಿದಾಗ ಶುಕ್ರವಾರಕ್ಕೆ 50-60 ಗಾಳಿ ಇತ್ತು. ನಮ್ಮ ಕಡೆ ಬೇಸಿಗೆಯ ಗುಡುಗು ಹುಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ನೆಲ ಇಡೀ ಬೆಳಿಗ್ಗೆ ಕಾಯಬೇಕು, ಕಾದ ಗಾಳಿ ಮೇಲೇರಬೇಕು, ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸಿಗಬೇಕು. ಬೆಳಿಗ್ಗೆ ಹತ್ತಕ್ಕೆ ಅದು ಅಪರೂಪ. ಹಾಗಾಗಿ ಬೆಳಿಗ್ಗೆ ಇಟ್ಟುಕೊಳ್ಳಿ ಅಂತ ಕೇಳಲು ಹೋದೆ.

"ಇನ್ವಿಟೇಷನ್ ಪ್ರಿಂಟ್ ಆಗಿದೆ, ಅತಿಥಿಗಳು ಬೆಂಗಳೂರಿಂದ ಬರಬೇಕು, ನಿಮಗೆ ಶಾಮಿಯಾನ ಕಟ್ಟೋಕೆ ಹೇಳಿದ್ದೀವಾ ಟೈಮ್ ಹೇಳೋಕೆ ಹೇಳಿದ್ದೀವಾ?" ಅಂದರು ಪ್ರಿನ್ಸಿಪಾಲರು. ತಪ್ಪೇನಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ. ಮಳೆ ಬರಬಹುದು ಸಾರ್ ಅಂದರೆ ಯಾರೂ ಕೇಳುವುದಿಲ್ಲ, ಮಳೆ ಬಂದರೆ ಒಳಗೆ ಓಡುತ್ತೇವೆ ಅನ್ನುತ್ತಾರೆ. ನಾನು ತೂಕದ ಲೆಕ್ಕ ಹೇಳಿದೆ. ಮೈದಾನಕ್ಕೆ ಸಿಮೆಂಟ್ ಬ್ಲಾಕ್ ಹಾಸಿದ್ದಾರೆ, ಗೂಟ ಹೊಡೆಯಲು ಬರುವುದಿಲ್ಲ. ಪ್ರತಿ ಕಂಬಕ್ಕೂ ನೀರು ತುಂಬಿದ ಡ್ರಮ್ಮು ಕಟ್ಟಬೇಕು, ಒಂದು ಡ್ರಮ್ಮು 200 ಲೀಟರ್, 200 ಕೆ.ಜಿ. 60ರ ಗಾಳಿಗೆ ಅದು ಸಾಲುವುದಿಲ್ಲ. ಮಳೆಯೂ ಬಂದರೆ ಇನ್ನೊಂದು ಲೆಕ್ಕ: 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಶಾಮಿಯಾನ ಹತ್ತಿರ ಹತ್ತಿರ 21 ಚದರ ಮೀಟರ್. ಬಟ್ಟೆ ಜೋತುಬಿದ್ದು 10 ಮಿ.ಮೀ. ನೀರು ಅಲ್ಲೇ ನಿಂತರೆ 210 ಕೆ.ಜಿ., ಮಕ್ಕಳ ತಲೆಯ ಮೇಲೆ. ಇಳಿಜಾರಾಗಿ ಕಟ್ಟುತ್ತೇವೆ, ಆದರೆ ಗಾಳಿಗೆ ಒಂದು ಹಗ್ಗ ಸಡಿಲಾದರೆ ಇಳಿಜಾರು ಹೋಯಿತು.

ಪ್ರಿನ್ಸಿಪಾಲರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಭೌತಶಾಸ್ತ್ರದವರು ಅಂತ ಆಮೇಲೆ ಗೊತ್ತಾಯಿತು. ಫೋನು ಎತ್ತಿ ಅತಿಥಿಗಳಿಗೆ ತಾವೇ ಮಾತಾಡಿದರು. ಹತ್ತೂವರೆಗೆ ಶುರು, ಒಂದೂವರೆಗೆ ಮುಗಿಸುವುದು ಅಂತ ಆಯಿತು.

ಬೆಳಿಗ್ಗೆಯ ಕಷ್ಟ ಬೇರೆ. ಹನ್ನೆರಡಕ್ಕೇ ಬಟ್ಟೆಯ ಕೆಳಗೆ ಬೆಂಕಿ. ಕಪ್ಪು ಗೌನು ಹಾಕಿದ ಹುಡುಗ ಹುಡುಗಿಯರು ಬೆವರಿನಲ್ಲಿ ಮುಳುಗಿದ್ದರು. ಗಾಳಿ ಆಡಲಿ ಅಂತ ನಾಲ್ಕೂ ಕಡೆ ತೆರೆದೇ ಇಟ್ಟಿದ್ದೆ, ಮಜ್ಜಿಗೆ ಡ್ರಮ್ಮು ಎರಡು ಸಲ ತುಂಬಿಸಿದರು. ಎರಡು ಗಂಟೆಗೆ ಕೊನೆಯ ಫೋಟೋ. ನಾವು ಎಲ್‌ಇಡಿ ಪರದೆ ಮೊದಲು ಇಳಿಸಿದೆವು, ಆಮೇಲೆ ಬಟ್ಟೆ, ಕೊನೆಗೆ ಚೇರು. ಫೋನಿನಲ್ಲಿ ದಾಮಿನಿ ಆ್ಯಪ್ ತೆರೆದಿಟ್ಟಿದ್ದೆ. ಪುಣೆಯ ಹವಾಮಾನ ಸಂಸ್ಥೆಯವರದು, ಸುತ್ತ 20 ಮತ್ತು 40 ಕಿ.ಮೀ. ಒಳಗೆ ಸಿಡಿಲು ಬಿದ್ದರೆ ತೋರಿಸುತ್ತದೆ. ಮೂರು ಗಂಟೆ ಹೊತ್ತಿಗೆ ಶಿರಾ ದಿಕ್ಕಿನಲ್ಲಿ ಚುಕ್ಕೆಗಳು ಕಾಣಿಸಿಕೊಂಡವು. ಹುಡುಗರನ್ನೆಲ್ಲಾ ಕಬ್ಬಿಣದ ಕಂಬ ಬಿಟ್ಟು ಕಟ್ಟಡದೊಳಗೆ ಬನ್ನಿ ಅಂದೆ. ಅರ್ಧ ಕಂಬ ಇನ್ನೂ ನಿಂತಿದ್ದವು, ನಿಲ್ಲಲಿ. ಬಟ್ಟೆ ಇಲ್ಲದ ಕಂಬಕ್ಕೆ ಗಾಳಿ ಏನೂ ಮಾಡುವುದಿಲ್ಲ, ಸಿಡಿಲು ಮಾಡುತ್ತದೆ.

ನಾಲ್ಕು ದಾಟಿ ಹತ್ತು ನಿಮಿಷಕ್ಕೆ ಬಂತು. ಒಂದರ ಮೇಲೊಂದು ಜೋಡಿಸಿಟ್ಟ ಚೇರಿನ ಸಾಲು ಮೈದಾನದ ಆ ತುದಿಗೆ ಹೋಗಿ ಬಿತ್ತು. ಗೇಟಿನ ಪಕ್ಕದ ಗುಲ್‌ಮೊಹರ್ ಕೊಂಬೆ ಮುರಿಯಿತು. ಮೊದಲಿನ ಪ್ರಕಾರ ಆ ಹೊತ್ತಿಗೆ ಸ್ವಾಗತ ಭಾಷಣ ನಡೆಯುತ್ತಿರಬೇಕಿತ್ತು. ಕಾರಿಡಾರಿನಲ್ಲಿ ನನ್ನ ಪಕ್ಕ ನಿಂತು ನೋಡುತ್ತಿದ್ದ ಪ್ರಿನ್ಸಿಪಾಲರು "ಟೀ ಕುಡಿತೀರಾ?" ಅಂದರು. ಮತ್ತೇನೂ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ದೊಡ್ಡ ಜಾಣ. ಆದರೆ ಭಾನುವಾರ ಇನ್ನೂ ಬಾಕಿ ಇತ್ತು.

ಬೀಗರ ಊಟ, ಕೊರಟಗೆರೆ ಕಡೆ. ಎಚ್ಚರಿಕೆಯಲ್ಲಿ 40-50. ಈ ಸಲ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಹೇಳಿದ್ದೆ: ಹವಾಮಾನ ಇಲಾಖೆಯವರು ಮುಂದಿನ ಮೂರು ಗಂಟೆಗೆ ಅಂತ ಆಗಾಗ ಹೊಸ ಎಚ್ಚರಿಕೆ ಕೊಡುತ್ತಾರೆ, ಅದರಲ್ಲಿ ನಮ್ಮ ಜಿಲ್ಲೆ ಬಂದರೆ ಊಟ ನಡೆಯುತ್ತಿದ್ದರೂ ಬಟ್ಟೆ ಇಳಿಸುತ್ತೇನೆ, ಆಗ ಜಗಳ ಮಾಡಬಾರದು. ಹುಡುಗನ ಅಪ್ಪ "ಆಯ್ತು ಬಿಡಪ್ಪ" ಅಂದಿದ್ದರು. ಮೂರನೇ ಪಂಕ್ತಿಯ ಹೊತ್ತಿಗೆ, ಎರಡೂಕಾಲಕ್ಕೆ, ಎಚ್ಚರಿಕೆ ಬಂತು. ಮೂಡಲಲ್ಲಿ ಕರ್ರಗೆ ಮೋಡ ಎದ್ದಿತ್ತು. ಗಾಳಿಯೂ ನಿಂತಿತ್ತು, ಗುಬ್ಬಿಯ ಆ ಮಧ್ಯಾಹ್ನದ ಹಾಗೇ. ಜನರನ್ನು ಎಬ್ಬಿಸಿ ಪಕ್ಕದ ಶಾಲೆಯ ಜಗಲಿಗೆ ಕಳಿಸಿ, ಹದಿನೈದು ನಿಮಿಷದಲ್ಲಿ ಬಟ್ಟೆ ಇಳಿಸಿದೆವು.

ಏನೂ ಬರಲಿಲ್ಲ. ಮೋಡ ಮಧುಗಿರಿ ಕಡೆಗೆ ತಿರುಗಿಕೊಂಡು ಹೋಯಿತು. ಮೂರೂಕಾಲಿಗೆ ಸುಡುಬಿಸಿಲು. ಉಳಿದ ಎರಡು ಪಂಕ್ತಿ ಬಿಸಿಲಿನಲ್ಲಿ ಟವಲ್ಲು ತಲೆಗೆ ಹಾಕಿಕೊಂಡು ಉಂಡವು. ಬೀಗರ ಕಡೆಯವರೊಬ್ಬರು "ಏನ್ ಸ್ವಾಮಿ, ಶಾಮಿಯಾನ ಒಣಗಾಕೋಕೆ ತಂದಿದ್ರಾ?" ಅಂದರು. ಎಲ್ಲರೂ ನಕ್ಕರು, ನಮ್ಮ ಹುಡುಗರೂ ನಕ್ಕರು. ಹುಡುಗನ ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ಹೆಣ್ಣಿನ ಕಡೆಯವರ ಮುಂದೆ ಮರ್ಯಾದೆ ಹೋಯಿತು ಅಂತ ಅವರ ಸಂಕಟ. ಅದು ನ್ಯಾಯವೇ. ಜೋಪಾನ ಮಾಡಿದ್ದಕ್ಕೂ ಒಂದು ಖರ್ಚು ಇದೆ, ಅವತ್ತು ಅದನ್ನು ಕೊಟ್ಟವರು ಅವರು, ನಾನಲ್ಲ.

ಮುಂದಿನ ಸಲ ಅದೇ ಮೋಡ, ಅದೇ ಎಚ್ಚರಿಕೆ ಬಂದರೆ ಮತ್ತೆ ಇಳಿಸುತ್ತೇನೆ. ಆದರೆ ಊಟ ಒಂದು ಗಂಟೆಯೊಳಗೆ ಮುಗಿಯುವ ಹಾಗೆ ಅಡುಗೆಯವರ ಜೊತೆ ಮೊದಲೇ ಕೂತು ಮಾತಾಡುತ್ತೇನೆ. ಆ ದಿನ ಅದನ್ನು ಮಾಡಿರಲಿಲ್ಲ. ಕಾಲೇಜಿನಲ್ಲಿ ಹೊತ್ತು ಬದಲಾಯಿಸಲು ಅಷ್ಟು ಓಡಾಡಿದವನು ಬೀಗರ ಊಟಕ್ಕೆ ಯಾಕೆ ಕೇಳಲಿಲ್ಲ? ಬೀಗರ ಊಟ ಅಂದರೆ ನಾಲ್ಕು ಗಂಟೆ ತನಕ ನಡೆಯುವುದೇ ಅಂತ ನಾನೇ ಒಪ್ಪಿಕೊಂಡುಬಿಟ್ಟಿದ್ದೆ.

ಅವರ ಬಾಕಿ 4 ಸಾವಿರ ಇನ್ನೂ ಬಂದಿಲ್ಲ. ಮುಂದಿನ ವಾರ ಆ ಕಡೆ ಇನ್ನೊಂದು ಚಪ್ಪರ ಇದೆ, ಹೋದಾಗ ಕೇಳಬೇಕು.